ವಿಮಾನಯಾನದಲ್ಲಿ ಗಾಳಿಯ ಕುಲುಕಾಟ ಮತ್ತು ಸೀಟ್ ಬೆಲ್ಟ್ ಧಾರಣೆ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗದ ಪ್ರಯಾಣಿಕರಿಗೆ ಮಾಹಿತಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಿಂದ ಉದ್ಯೋಗ, ವ್ಯಾಸಂಗ, ವ್ಯಾಪಾರ, ಚಿಕಿತ್ಸೆ ಹಾಗೂ ತೀರ್ಥಯಾತ್ರೆಯ ನಿಮಿತ್ತ ವಿಮಾನದಲ್ಲಿ ಪ್ರಯಾಣಿಸುವ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣಗೊಂಡ ಈ ಭಾಗಕ್ಕೆ ತನ್ನದೇ ಆದ ವಿಮಾನ ನಿಲ್ದಾಣವಿಲ್ಲ. ಇಲ್ಲಿನ ಪ್ರಯಾಣಿಕರು 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಕಾರ್ಯಾರಂಭ ಮಾಡಿದ ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅವಲಂಬಿಸಿದ್ದಾರೆ. ಆ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರನ್ನು ಇಡಲಾಯಿತು. ಕೆಂಪೇಗೌಡರ ವಂಶಸ್ಥರು ಮುಂದೆ ಮಾಗಡಿಯಿಂದ ಆಳ್ವಿಕೆ ನಡೆಸಿದವರು ಎಂಬುದು ಈ ಭಾಗದ ಜನರಿಗೆ ತಿಳಿದ ವಿಷಯ.

ಮೊದಲ ಬಾರಿಗೆ ವಿಮಾನ ಹತ್ತುವವರ ಸಂಖ್ಯೆ ಈ ತಾಲ್ಲೂಕುಗಳಲ್ಲಿ ಇಂದಿಗೂ ಕಡಿಮೆಯಲ್ಲ. ವಿದೇಶದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೊರಡುವ ವಯೋವೃದ್ಧ ತಂದೆತಾಯಿಗಳು, ರೇಷ್ಮೆ ಮತ್ತು ಬೊಂಬೆ ವ್ಯಾಪಾರದ ಸಲುವಾಗಿ ಉತ್ತರ ಭಾರತಕ್ಕೆ ಹೋಗುವ ವರ್ತಕರು, ಕಾಶಿಯಾತ್ರೆಗೆ ತಂಡವಾಗಿ ಹೊರಡುವ ಮಹಿಳೆಯರು ಇವರಲ್ಲಿ ಸೇರಿದ್ದಾರೆ. ವಿಮಾನದಲ್ಲಿ ಮಾಡುವ ಸುರಕ್ಷತಾ ಪ್ರಕಟಣೆಗಳು ಬಹುಮಟ್ಟಿಗೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುವುದರಿಂದ ಆ ಭಾಷೆಗಳ ಪರಿಚಯವಿಲ್ಲದವರಿಗೆ ಅವು ಅರ್ಥವಾಗದೆ ಹೋಗಬಹುದು. ಆದುದರಿಂದ ವಿಷಯವನ್ನು ಇಲ್ಲಿ ಕನ್ನಡದಲ್ಲಿ ವಿಶದವಾಗಿ ವಿವರಿಸಲಾಗಿದೆ.

ಕುಲುಕಾಟ ಎಂದರೇನು?

ಹಾರುತ್ತಿರುವ ವಿಮಾನವು ಇದ್ದಕ್ಕಿದ್ದಂತೆ ಅದುರುವುದು, ಓಲಾಡುವುದು, ಮೇಲಕ್ಕೆ ಎತ್ತಿದಂತೆ ಅಥವಾ ಕೆಳಕ್ಕೆ ಕುಸಿದಂತೆ ಆಗುವುದನ್ನು ಇಂಗ್ಲಿಷಿನಲ್ಲಿ ಟರ್ಬ್ಯುಲೆನ್ಸ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದಕ್ಕೆ ವಾಯು ಪ್ರಕ್ಷುಬ್ಧತೆ ಎಂಬ ಪದ ಬಳಕೆಯಲ್ಲಿದೆ. ಈ ಲೇಖನದಲ್ಲಿ ಸುಲಭವಾಗಿ ತಿಳಿಯುವಂತೆ ಕುಲುಕಾಟ ಎಂದೇ ಬಳಸಲಾಗಿದೆ.

ಗಾಳಿಯು ಎಲ್ಲ ಕಡೆಯೂ ಒಂದೇ ಸಮನಾಗಿ ಹರಿಯುವುದಿಲ್ಲ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅಗಲವಾಗಿ, ಶಾಂತವಾಗಿ ಹರಿಯುವ ಕಾವೇರಿಯು ಮೇಕೆದಾಟಿನ ಕಿರಿದಾದ ಬಂಡೆಗಳ ನಡುವೆ ನುಗ್ಗುವಾಗ ಸುಳಿಗಳನ್ನು ಎಬ್ಬಿಸುತ್ತದೆ. ಅಡೆತಡೆ ಎದುರಾದಾಗ ಅಥವಾ ವೇಗದ ಹರಿವು ನಿಧಾನದ ಹರಿವಿಗೆ ಉಜ್ಜಿದಾಗ ನೀರಿನಲ್ಲಿ ಸುಳಿ ಏಳುವಂತೆಯೇ ಗಾಳಿಯಲ್ಲಿಯೂ ಸುಳಿಗಳು ಏಳುತ್ತವೆ. ನದಿಯ ಸುಳಿ ಕಣ್ಣಿಗೆ ಕಾಣುತ್ತದೆ, ಗಾಳಿಯ ಸುಳಿ ಕಾಣುವುದಿಲ್ಲ. ಅಂತಹ ಸುಳಿಗಳ ಮೂಲಕ ವಿಮಾನ ಹಾದುಹೋದಾಗ ಒಳಗಿರುವವರಿಗೆ ಕುಲುಕಾಟದ ಅನುಭವವಾಗುತ್ತದೆ.

ಆಕಾಶದಲ್ಲಿ ಗಾಳಿಯೇ ಇಲ್ಲದ ಗುಂಡಿಗಳಿವೆ, ವಿಮಾನ ಅವುಗಳೊಳಗೆ ಬೀಳುತ್ತದೆ ಎಂಬ ತಿಳಿವಳಿಕೆ ಜನರಲ್ಲಿದೆ. ಏರ್ ಪಾಕೆಟ್ ಎಂಬ ಮಾತು ಬಂದದ್ದೂ ಇದರಿಂದಲೇ. ಇದು ಸರಿಯಲ್ಲ. ಗಾಳಿಯಿಲ್ಲದ ಸ್ಥಳ ಅಲ್ಲಿ ಇರುವುದಿಲ್ಲ. ಕೆಳಮುಖವಾಗಿ ಹರಿಯುವ ಗಾಳಿಯ ಪ್ರವಾಹವನ್ನು ವಿಮಾನ ಪ್ರವೇಶಿಸಿದಾಗ ಅದು ಬೀಳುತ್ತಿರುವಂತೆ ಭಾಸವಾಗುತ್ತದೆ.

ಕುಲುಕಾಟದ ತೀವ್ರತೆಯನ್ನು ಲಘು, ಮಧ್ಯಮ, ತೀವ್ರ ಮತ್ತು ಅತಿತೀವ್ರ ಎಂದು ವರ್ಗೀಕರಿಸುತ್ತಾರೆ. ಲಘು ಕುಲುಕಾಟದಲ್ಲಿ ಲೋಟದ ನೀರು ಅಲುಗಾಡುವುದಷ್ಟೇ. ಮಧ್ಯಮದಲ್ಲಿ ನಡೆದಾಡುವುದು ಕಷ್ಟವಾಗುತ್ತದೆ, ಬೆಲ್ಟಿನ ಬಿಗಿತ ದೇಹಕ್ಕೆ ತಿಳಿಯುತ್ತದೆ. ತೀವ್ರ ಕುಲುಕಾಟದಲ್ಲಿ ಕಟ್ಟದೆ ಬಿಟ್ಟ ಪ್ರತಿಯೊಂದು ವಸ್ತುವೂ ಎಸೆಯಲ್ಪಡುತ್ತದೆ, ಕಟ್ಟಿಕೊಳ್ಳದ ಮನುಷ್ಯನೂ ಇದಕ್ಕೆ ಹೊರತಲ್ಲ. ಬಹುಪಾಲು ಪ್ರಯಾಣಗಳಲ್ಲಿ ಎದುರಾಗುವುದು ಮೊದಲ ಎರಡು ಬಗೆಯ ಕುಲುಕಾಟಗಳು ಮಾತ್ರ.

ಕುಲುಕಾಟಕ್ಕೆ ಕಾರಣಗಳು

ಬಿಸಿಲು: ನೆಲ ಕಾದಾಗ ಅದರ ಮೇಲಿನ ಗಾಳಿಯೂ ಕಾದು ಮೇಲಕ್ಕೆ ಏರುತ್ತದೆ. ಇದನ್ನು ಕಣ್ಣಾರೆ ನೋಡಬಯಸುವವರು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬಹುದು. 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾದ ಈ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ವಾಸವಾಗಿವೆ. ಅವು ಮುಂಜಾನೆಯ ತಂಪಿನಲ್ಲಿ ಸಾಮಾನ್ಯವಾಗಿ ಹಾರುವುದಿಲ್ಲ. ಬಂಡೆ ಕಾಯುವವರೆಗೆ ಕಾದಿದ್ದು, ಬಿಸಿಗಾಳಿ ಮೇಲೇಳಲಾರಂಭಿಸಿದ ನಂತರ ರೆಕ್ಕೆ ಬಡಿಯದೆಯೇ ಸುತ್ತುತ್ತ ಎತ್ತರಕ್ಕೆ ಏರುತ್ತವೆ. ರಣಹದ್ದನ್ನು ಎತ್ತಿ ಹಿಡಿಯುವ ಇದೇ ಗಾಳಿಯು ಮಧ್ಯಾಹ್ನದ ವೇಳೆ ಏರುವ ಮತ್ತು ಇಳಿಯುವ ವಿಮಾನಗಳನ್ನು ಕುಲುಕಿಸುತ್ತದೆ. ಬೆಳಗಿನ ಜಾವದ ವಿಮಾನಗಳಲ್ಲಿ ಈ ಬಗೆಯ ಕುಲುಕಾಟ ಕಡಿಮೆ ಇರುವುದಕ್ಕೂ ಇದೇ ಕಾರಣ.

ಗುಡುಗು ಮೋಡ: ಯುಗಾದಿ ಕಳೆದ ಮೇಲೆ ಏಪ್ರಿಲ್ ಮತ್ತು ಮೇ ತಿಂಗಳ ಸಂಜೆಗಳಲ್ಲಿ ಬರುವ ಗಾಳಿಮಳೆಯನ್ನು ಈ ಭಾಗದ ಮಾವು ಬೆಳೆಗಾರರಿಗೆ ಯಾರೂ ಪರಿಚಯಿಸಬೇಕಿಲ್ಲ. ಒಂದು ಗಳಿಗೆಯಲ್ಲಿ ತೋಟದ ಕಾಯಿಯನ್ನೆಲ್ಲ ಉದುರಿಸಿ ಹೋಗುವ ಆ ಗಾಳಿಯು ಗುಡುಗು ಮೋಡದ ಬುಡದಿಂದ ಹೊರನುಗ್ಗುವ ಗಾಳಿಯೇ ಆಗಿದೆ. ಮೋಡದ ಒಳಗೆ ಏರುವ ಮತ್ತು ಇಳಿಯುವ ಪ್ರವಾಹಗಳು ಒಂದರ ಪಕ್ಕದಲ್ಲಿ ಒಂದು ಇರುತ್ತವೆ. ಇಂತಹ ಮೋಡದ ತಲೆಯು 12 ಕಿ.ಮೀ.ಗಿಂತಲೂ ಎತ್ತರಕ್ಕೆ ಬೆಳೆಯುವುದುಂಟು. ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ 10ರಿಂದ 12 ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ಅದರ ಮೇಲೆ ಹಾದುಹೋಗಲು ಎಲ್ಲ ವೇಳೆಯಲ್ಲಿಯೂ ಸಾಧ್ಯವಾಗುವುದಿಲ್ಲ, ಪಕ್ಕದಿಂದ ಸುತ್ತಿಕೊಂಡು ಹೋಗಬೇಕಾಗುತ್ತದೆ. ತೀವ್ರವಾದ ಗುಡುಗು ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿ.ಮೀ. ದೂರವಿರಬೇಕೆಂಬುದು ಪೈಲಟ್‌ಗಳು ಪಾಲಿಸುವ ಸಾಮಾನ್ಯ ನಿಯಮ. ಇದು ಹೆಚ್ಚುಕಡಿಮೆ ರಾಮನಗರದಿಂದ ಕೆಂಗೇರಿಯವರೆಗಿನ ದಾರಿಯಷ್ಟು ದೂರ. ಮಳೆಯ ಸಂಜೆಗಳಲ್ಲಿ ಬೆಂಗಳೂರಿಗೆ ಬರಬೇಕಾದ ವಿಮಾನವು ಆಕಾಶದಲ್ಲಿಯೇ ಸುತ್ತು ಹಾಕುವುದು ಅಥವಾ ಚೆನ್ನೈಗೆ ತಿರುಗುವುದು ಈ ಕಾರಣಕ್ಕಾಗಿ. ಇದರಿಂದ ಪ್ರಯಾಣಿಕರಿಗೆ ತೊಂದರೆಯಾಗುತ್ತದೆಯಾದರೂ ಆ ತೊಂದರೆಯು ಮೋಡದೊಳಗೆ ಹೋಗುವುದಕ್ಕಿಂತ ಮೇಲು.

ಬೆಟ್ಟಗುಡ್ಡ: ಬಲವಾದ ಗಾಳಿಯು ಬೆಟ್ಟಸಾಲನ್ನು ದಾಟುವಾಗ ಅದರ ಆಚೆಯ ಬದಿಯಲ್ಲಿ ಅಲೆಗಳನ್ನೂ ಸುಳಿಗಳನ್ನೂ ಉಂಟುಮಾಡುತ್ತದೆ. ಮಾಗಡಿ ತಾಲ್ಲೂಕಿನ ಸಾವನದುರ್ಗವು ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರದ ಏಕಶಿಲಾ ಬೆಟ್ಟವಾಗಿದ್ದು, ಮುಂಗಾರಿನ ಪಶ್ಚಿಮದ ಗಾಳಿ ಬೀಸುವಾಗ ಅದರ ನೆತ್ತಿಯಲ್ಲಿ ನಿಂತವರಿಗೆ ಈ ಸುಳಿಗಳ ಅನುಭವ ಆಗಬಹುದು. ಎತ್ತರದಲ್ಲಿ ಹಾರುವ ವಿಮಾನಕ್ಕೆ ಇಂತಹ ಬಿಡಿ ಬೆಟ್ಟಗಳಿಂದ ಬಾಧೆಯಿಲ್ಲ. ಹಿಮಾಲಯದಂತಹ ಮಹಾಪರ್ವತಗಳ ವಿಷಯ ಬೇರೆ. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಬಳಿ ಪರ್ವತದ ಅಲೆಗೆ ಸಿಲುಕಿದ ಬ್ರಿಟಿಷ್ ವಿಮಾನವೊಂದು ಆಕಾಶದಲ್ಲಿಯೇ ಮುರಿದು ಅದರಲ್ಲಿದ್ದ 124 ಮಂದಿಯೂ ಮೃತಪಟ್ಟರು. ಕುಲುಕಾಟದಿಂದ ದೊಡ್ಡ ಜೆಟ್ ವಿಮಾನವೇ ನಾಶವಾದದ್ದು ಅತ್ಯಂತ ವಿರಳ.

ಎದುರಿಗೆ ಹೋದ ವಿಮಾನ: ದೊಡ್ಡ ವಿಮಾನದ ರೆಕ್ಕೆಯ ತುದಿಗಳಿಂದ ಸುಳಿಗಳು ಹೊರಟು ಕೆಲವು ನಿಮಿಷ ಗಾಳಿಯಲ್ಲಿ ಉಳಿಯುತ್ತವೆ. ಒಂದರ ಹಿಂದೆ ಒಂದು ವಿಮಾನ ಇಳಿಯುವಾಗ ನಡುವೆ ಅಂತರ ಕಾಯ್ದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ತಿಳಿಯಾದ ಆಕಾಶದ ಕುಲುಕಾಟ

ಮೇಲೆ ಹೇಳಿದವುಗಳಿಗಿಂತ ಭಿನ್ನವಾದ, ಬೆಲ್ಟ್ ಧರಿಸದ ಪ್ರಯಾಣಿಕರಿಗೆ ಅತ್ಯಂತ ಅಪಾಯಕಾರಿಯಾದ ಬಗೆಯೊಂದಿದೆ. ಮೋಡವಿಲ್ಲ, ಮಳೆಯಿಲ್ಲ, ಕಿಟಕಿಯ ಹೊರಗೆ ಬಿಸಿಲು ಹೊಳೆಯುತ್ತಿರುತ್ತದೆ, ಆದರೂ ವಿಮಾನ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅತಿ ಎತ್ತರದಲ್ಲಿ ನದಿಯಂತೆ ಹರಿಯುವ ಜೆಟ್ ಪ್ರವಾಹಗಳ ಅಂಚಿನಲ್ಲಿ ಇದು ಹೆಚ್ಚು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಇಂತಹ ಪ್ರವಾಹವೊಂದು ಹರಿಯುತ್ತದೆ. ಬೆಂಗಳೂರಿನಿಂದ ದೆಹಲಿಯ ಕಡೆಗೆ ಹೋಗುವವರು ಪ್ರಯಾಣದ ಕೊನೆಯ ಭಾಗದಲ್ಲಿ ಇದರ ಸಮೀಪಕ್ಕೆ ಬರುತ್ತಾರೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಜೆಟ್ ಪ್ರವಾಹವನ್ನು ಗುರುತಿಸಿ ವಿವರಿಸಿದವರು ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದು 1950ರ ದಶಕದ ಸಂಶೋಧನೆ.

ವಿಮಾನದ ಮೂಗಿನಲ್ಲಿರುವ ಹವಾಮಾನ ರೇಡಾರ್ ನೀರಿನ ಹನಿಗಳನ್ನು ಗುರುತಿಸಬಲ್ಲದು. ಹನಿಯೇ ಇಲ್ಲದ ತಿಳಿಯಾದ ಗಾಳಿಯಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ. ಹೀಗಾಗಿ ಪೈಲಟ್‌ಗಳು ಹವಾಮಾನ ಇಲಾಖೆಯ ಮುನ್ಸೂಚನೆಗಳನ್ನು ಮತ್ತು ಅದೇ ಮಾರ್ಗದಲ್ಲಿ ಮುಂದೆ ಸಾಗಿರುವ ಇತರ ಪೈಲಟ್‌ಗಳ ವರದಿಗಳನ್ನು ಅವಲಂಬಿಸುತ್ತಾರೆ. ಬೆಂಗಳೂರಿನ ಆಕಾಶವು ಚೆನ್ನೈ ವಿಮಾನ ಮಾಹಿತಿ ವಲಯಕ್ಕೆ ಸೇರಿದ್ದು, ತೀವ್ರ ಹವಾಮಾನದ ಎಚ್ಚರಿಕೆಗಳನ್ನು ಭಾರತೀಯ ಹವಾಮಾನ ಇಲಾಖೆಯು ವಲಯವಾರು ಹೊರಡಿಸುತ್ತದೆ. ಎಷ್ಟೇ ವ್ಯವಸ್ಥೆಯಿದ್ದರೂ ಕೆಲವು ಕುಲುಕಾಟಗಳು ಮುನ್ಸೂಚನೆಯಿಲ್ಲದೆಯೇ ಬರುತ್ತವೆ. ಪ್ರಕ್ಷುಬ್ಧ ಹರಿವು ಎಂಬುದು ವಿಜ್ಞಾನಕ್ಕೂ ಪೂರ್ತಿಯಾಗಿ ಬಗ್ಗದ ವಿಷಯ. ಬೆಂಗಳೂರಿನವರೇ ಆದ ಪ್ರೊ. ರೊದ್ದಂ ನರಸಿಂಹ (1933–2020) ಅವರು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ದಶಕಗಳ ಕಾಲ ಇದೇ ವಿಷಯದ ಅಧ್ಯಯನ ನಡೆಸಿದ್ದರು.

ಈ ಬಗೆಯ ಕುಲುಕಾಟ ಹೆಚ್ಚುತ್ತಿದೆ ಎಂಬುದಕ್ಕೂ ಆಧಾರಗಳಿವೆ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉತ್ತರ ಅಟ್ಲಾಂಟಿಕ್ ಸಾಗರದ ಮೇಲಿನ ಒಂದು ಸಾಮಾನ್ಯ ಸ್ಥಳದಲ್ಲಿ ತಿಳಿಯಾದ ಆಕಾಶದ ತೀವ್ರ ಕುಲುಕಾಟವು 1979ರಿಂದ 2020ರ ನಡುವೆ ಶೇ. 55ರಷ್ಟು ಹೆಚ್ಚಾಗಿದೆ. ಅಮೆರಿಕಕ್ಕೆ ಹೋಗುವ ಕನ್ನಡಿಗರಲ್ಲಿ ಅನೇಕರು ಯೂರೋಪಿನಲ್ಲಿ ವಿಮಾನ ಬದಲಿಸಿ ಈ ಮಾರ್ಗದಲ್ಲಿಯೇ ಸಾಗುತ್ತಾರೆ.

ಬೆಲ್ಟ್ ಏಕೆ ಅಗತ್ಯ?

ಸರ್ಕಾರಿ ಬಸ್ಸಿನ ಕೊನೆಯ ಸಾಲಿನ ಸೀಟಿನಲ್ಲಿ ಕುಳಿತು ರಸ್ತೆಯುಬ್ಬನ್ನು ದಾಟಿದವರಿಗೆ ತಲೆಯು ಛಾವಣಿಗೆ ತಗಲುವ ಅನುಭವ ಹೊಸದಲ್ಲ. ವಿಮಾನದಲ್ಲಿ ನಡೆಯುವುದೂ ಅದೇ, ಆದರೆ ಪ್ರಮಾಣ ಬಹಳ ದೊಡ್ಡದು. ಇಲ್ಲಿ ಮನುಷ್ಯ ಮೇಲಕ್ಕೆ ಹಾರುವುದಿಲ್ಲ, ವಿಮಾನವೇ ಅವನನ್ನು ಬಿಟ್ಟು ಕೆಳಗೆ ಇಳಿದುಬಿಡುತ್ತದೆ. ವಿಮಾನಕ್ಕೆ ಕಟ್ಟಲ್ಪಡದ ದೇಹವು ಇದ್ದ ಎತ್ತರದಲ್ಲಿಯೇ ಉಳಿದು ಛಾವಣಿಗೆ ಅಥವಾ ಸಾಮಾನಿನ ಪೆಟ್ಟಿಗೆಗೆ ಅಪ್ಪಳಿಸುತ್ತದೆ. ಮರುಗಳಿಗೆ ವಿಮಾನ ಮೇಲೇರಿದಾಗ ಅದೇ ದೇಹವು ಆಸನದ ತೋಳಿನ ಮೇಲೆ, ನೆಲದ ಮೇಲೆ ಅಥವಾ ಪಕ್ಕದವರ ಮೇಲೆ ಬೀಳುತ್ತದೆ. ತಲೆ, ಕುತ್ತಿಗೆ ಮತ್ತು ಬೆನ್ನುಮೂಳೆಯ ಗಾಯಗಳು ಆಗುವುದು ಹೀಗೆ.

2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನವು 211 ಪ್ರಯಾಣಿಕರು ಮತ್ತು 18 ಸಿಬ್ಬಂದಿಯೊಂದಿಗೆ ಮ್ಯಾನ್ಮಾರ್ ದೇಶದ ಮೇಲೆ ಸುಮಾರು 37,000 ಅಡಿ ಎತ್ತರದಲ್ಲಿ ಹಾರುತ್ತಿತ್ತು. ಸಿಂಗಪುರದ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿಯಲ್ಲಿ ಸೆಕೆಂಡುಗಳ ಲೆಕ್ಕವಿದೆ. ಮೊದಲು ಲಘುವಾದ ಅದುರುವಿಕೆ ಆರಂಭವಾಯಿತು. ಬೆಲ್ಟ್ ಸಂಕೇತವನ್ನು ಹಾಕಲಾಗಿದೆ ಎಂದು ಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ. ಅಲ್ಲಿಂದ 8 ಸೆಕೆಂಡುಗಳಲ್ಲಿ ದೊಡ್ಡ ಕುಸಿತ ಬಂದಿತು. ದೇಹದ ಮೇಲಿನ ಒತ್ತಡವು ಕೇವಲ 0.6 ಸೆಕೆಂಡಿನಲ್ಲಿ, ಸಹಜ ತೂಕದ 1.35 ಪಟ್ಟಿನಿಂದ ವಿರುದ್ಧ ದಿಕ್ಕಿನಲ್ಲಿ 1.5 ಪಟ್ಟಿಗೆ ಬದಲಾಯಿತು. ಅಂದರೆ 60 ಕಿಲೋ ತೂಕದ ವ್ಯಕ್ತಿಯನ್ನು 90 ಕಿಲೋ ಬಲದಿಂದ ಛಾವಣಿಯತ್ತ ಎಳೆದಂತಾಯಿತು. ಮುಂದಿನ 4 ಸೆಕೆಂಡುಗಳಲ್ಲಿ ಎಲ್ಲವೂ ತಿರುವುಮುರುವಾಗಿ ಮೇಲೆ ಹೋದವರು ಕೆಳಗೆ ಬಿದ್ದರು. ಇಷ್ಟರಲ್ಲಿ ವಿಮಾನ ಇಳಿದದ್ದು 178 ಅಡಿ ಮಾತ್ರ. ವಿಮಾನವನ್ನು ಬ್ಯಾಂಕಾಕಿಗೆ ತಿರುಗಿಸಲಾಯಿತು. 73 ವರ್ಷದ ಒಬ್ಬ ಪ್ರಯಾಣಿಕರು ಮೃತಪಟ್ಟರು, ಅವರಿಗೆ ಹೃದಯಾಘಾತವಾಗಿರಬಹುದೆಂದು ಶಂಕಿಸಲಾಯಿತು. ನೂರಕ್ಕೂ ಹೆಚ್ಚು ಮಂದಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡಬೇಕಾಯಿತು.

8 ಸೆಕೆಂಡುಗಳಲ್ಲಿ ನಿದ್ದೆಯಿಂದ ಎಚ್ಚೆತ್ತು, ಹೊದಿಕೆಯ ಅಡಿಯಲ್ಲಿ ಬೆಲ್ಟಿನ ಎರಡು ತುದಿಗಳನ್ನು ಹುಡುಕಿ, ಸೇರಿಸಿ, ಬಿಗಿದುಕೊಳ್ಳಲು ವಯಸ್ಸಾದವರಿಂದ ಆಗುವುದಿಲ್ಲ, ಯುವಕರಿಂದಲೂ ಆಗುವುದು ಅನುಮಾನ. ಸಂಕೇತ ಬಂದ ಮೇಲೆ ಹಾಕಿಕೊಂಡರಾಯಿತು ಎಂಬ ಲೆಕ್ಕಾಚಾರವು ತಪ್ಪುವುದು ಇಲ್ಲಿಯೇ.

ನಮ್ಮ ದೇಶದಲ್ಲಿಯೂ ಇಂತಹ ಘಟನೆ ನಡೆದಿದೆ. 2022ರ ಮೇ 1ರಂದು ಮುಂಬಯಿಯಿಂದ ಪಶ್ಚಿಮ ಬಂಗಾಳದ ದುರ್ಗಾಪುರಕ್ಕೆ ಹೊರಟಿದ್ದ ಬೋಯಿಂಗ್ 737 ವಿಮಾನವು ಇಳಿಯುವ ಹಂತದಲ್ಲಿ ತೀವ್ರ ಕುಲುಕಾಟಕ್ಕೆ ಸಿಲುಕಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಹೇಳಿಕೆಯ ಪ್ರಕಾರ 14 ಪ್ರಯಾಣಿಕರು ಮತ್ತು 3 ಪರಿಚಾರಕ ಸಿಬ್ಬಂದಿ ಗಾಯಗೊಂಡರು. ತಲೆ, ಬೆನ್ನುಮೂಳೆ, ಭುಜ ಮತ್ತು ಮುಖಕ್ಕೆ ಪೆಟ್ಟಾಗಿತ್ತು. ಬೆನ್ನುಮೂಳೆಗೆ ಪೆಟ್ಟಾಗಿದ್ದ ಒಬ್ಬ ಪ್ರಯಾಣಿಕರು ತಿಂಗಳುಗಳ ಚಿಕಿತ್ಸೆಯ ನಂತರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಧನರಾದರು. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ 220ಕ್ಕೂ ಹೆಚ್ಚು ಜನರನ್ನು ಹೊತ್ತು ಹೋಗುತ್ತಿದ್ದ ವಿಮಾನವು ಆಲಿಕಲ್ಲಿನ ಬಿರುಗಾಳಿಗೆ ಸಿಲುಕಿ ಅದರ ಮೂಗಿನ ಭಾಗವೇ ಒಡೆದುಹೋಗಿತ್ತು. ಅದು ಸುರಕ್ಷಿತವಾಗಿ ಇಳಿಯಿತು, ಪ್ರಯಾಣಿಕರಿಗೆ ಗಾಯಗಳಾಗಲಿಲ್ಲ.

ಅಮೆರಿಕದ ವಿಮಾನಯಾನ ಆಡಳಿತದ ಅಂಕಿಅಂಶಗಳಂತೆ 2009ರಿಂದ 2022ರವರೆಗೆ ಆ ದೇಶದಲ್ಲಿ ಕುಲುಕಾಟದಿಂದ ತೀವ್ರವಾಗಿ ಗಾಯಗೊಂಡವರು 163 ಮಂದಿ. ಇವರಲ್ಲಿ 129 ಮಂದಿ ವಿಮಾನದ ಸಿಬ್ಬಂದಿ. ಪ್ರಯಾಣಿಕರು ಬೆಲ್ಟ್ ಕಟ್ಟಿ ಕುಳಿತಿರುವಾಗ ತಿಂಡಿಯ ಗಾಡಿಯೊಂದಿಗೆ ನಿಂತು ಓಡಾಡುವವರು ಅವರೇ ಆದ್ದರಿಂದ ಗಾಯಗಳ ಹೊರೆಯೂ ಅವರ ಮೇಲೆಯೇ ಬಿದ್ದಿದೆ. ಕೋಟ್ಯಂತರ ಪ್ರಯಾಣಗಳಿಗೆ ಹೋಲಿಸಿದರೆ ಈ ಸಂಖ್ಯೆ ಬಹಳ ಚಿಕ್ಕದು. ವಿಮಾನ ಪ್ರಯಾಣವನ್ನು ಕುರಿತು ಯಾರೂ ಭಯಪಡಬೇಕಾಗಿಲ್ಲ. ಕುಲುಕಾಟದಲ್ಲಿ ರೆಕ್ಕೆಗಳು ಬಾಗುವುದನ್ನು ಕಿಟಕಿಯಿಂದ ಕಂಡು ಗಾಬರಿಗೊಳ್ಳುವವರಿದ್ದಾರೆ. ಬಾಗುವಂತೆಯೇ ಅವುಗಳನ್ನು ನಿರ್ಮಿಸಲಾಗಿರುತ್ತದೆ. ವಿಮಾನದ ದೇಹವು ಅದು ಎದುರಿಸಬಹುದಾದ ಗರಿಷ್ಠ ಬಲದ ಒಂದೂವರೆ ಪಟ್ಟು ಬಲವನ್ನು ತಾಳಬೇಕೆಂಬುದು ನಿರ್ಮಾಣದ ನಿಯಮ.

ಬೆಲ್ಟ್ ಧರಿಸುವ ವಿಧಾನ

ವಿಮಾನದ ಬೆಲ್ಟ್ ಕಾರಿನ ಬೆಲ್ಟಿನಂತೆ ಭುಜದ ಮೇಲೆ ಬರುವುದಿಲ್ಲ. ಆಸನದ ಎರಡೂ ಬದಿಯಲ್ಲಿ ಒಂದೊಂದು ಪಟ್ಟಿಯಿದ್ದು, ಒಂದರ ತುದಿಯಲ್ಲಿ ಲೋಹದ ನಾಲಗೆ, ಇನ್ನೊಂದರಲ್ಲಿ ಲೋಹದ ಬಕಲ್ ಇರುತ್ತದೆ. ನಾಲಗೆಯನ್ನು ಬಕಲಿನೊಳಗೆ ತಳ್ಳಿದಾಗ ಟಕ್ ಎಂಬ ಶಬ್ದ ಕೇಳಬೇಕು. ನಂತರ ಸಡಿಲವಾಗಿ ತೂಗುವ ತುದಿಯನ್ನು ಎಳೆದು ಬಿಗಿಮಾಡಿಕೊಳ್ಳಬೇಕು. ಬಿಚ್ಚುವಾಗ ಬಕಲಿನ ಮೇಲಿರುವ ಮುಚ್ಚಳದಂತಹ ಭಾಗವನ್ನು ಮೇಲಕ್ಕೆ ಎತ್ತಬೇಕು. ಕಾರಿನ ಅಭ್ಯಾಸದಿಂದ ಗುಂಡಿಯನ್ನು ಒತ್ತಲು ಹುಡುಕುವವರು ತುರ್ತಿನಲ್ಲಿ ತಡಕಾಡುವುದುಂಟು. ಆದ್ದರಿಂದ ವಿಮಾನ ಹೊರಡುವ ಮುನ್ನ ಒಂದೆರಡು ಬಾರಿ ಹಾಕಿ ಬಿಚ್ಚಿ ನೋಡುವುದು ಒಳ್ಳೆಯದು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಪಟ್ಟಿಯು ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಗಳ ಮೇಲೆ, ತಗ್ಗಿನಲ್ಲಿ ಕೂರಬೇಕು. ಎಲ್ಲಿಯೂ ತಿರುಚಿರಬಾರದು. ಸೀರೆ ಉಟ್ಟವರು ಸೆರಗಿನ ತುದಿ ಬಕಲಿಗೆ ಸಿಕ್ಕದಂತೆ ಎಚ್ಚರ ವಹಿಸಬೇಕು. ದಪ್ಪನೆಯ ಶಾಲು ಅಥವಾ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ಬೆಲ್ಟ್ ಬಿಗಿದರೆ ಕುಲುಕಾಟದಲ್ಲಿ ಅದು ಸಡಿಲವಾಗುತ್ತದೆ. ರಾತ್ರಿ ಪ್ರಯಾಣದಲ್ಲಿ ತೆಳುವಾದ ಹೊದಿಕೆ ಹೊದ್ದು ಮಲಗುವವರು ಮಾತ್ರ ಬೆಲ್ಟನ್ನು ಹೊದಿಕೆಯ ಮೇಲೆ, ಹೊರಗೆ ಕಾಣುವಂತೆ ಹಾಕಿಕೊಳ್ಳತಕ್ಕದ್ದು. ಹೀಗೆ ಮಾಡಿದರೆ ಪರಿಶೀಲನೆಗೆ ಬರುವ ಸಿಬ್ಬಂದಿಯು ನಿದ್ದೆಯಿಂದ ಎಬ್ಬಿಸುವ ಪ್ರಮೇಯ ಬರುವುದಿಲ್ಲ. ಬೆಲ್ಟ್ ಸಾಲದಷ್ಟು ಸ್ಥೂಲಕಾಯದವರು ಕೇಳಿದಲ್ಲಿ ಉದ್ದ ಹೆಚ್ಚಿಸುವ ಹೆಚ್ಚುವರಿ ಪಟ್ಟಿಯನ್ನು ಸಿಬ್ಬಂದಿಯು ಒದಗಿಸುತ್ತಾರೆ.

ಬೆಲ್ಟ್ ಸಂಕೇತವು ತಲೆಯ ಮೇಲಿನ ಫಲಕದಲ್ಲಿ ಬೆಲ್ಟಿನ ಎರಡು ತುದಿಗಳು ಸೇರುವ ಚಿತ್ರವಾಗಿ ಬೆಳಗುತ್ತದೆ, ಜೊತೆಗೆ ಗಂಟೆಯಂತಹ ಶಬ್ದವೊಂದು ಕೇಳಿಸುತ್ತದೆ. ಪ್ರಕಟಣೆ ಅರ್ಥವಾಗದವರು ಈ ಚಿತ್ರವನ್ನು ಗಮನಿಸಿದರೆ ಸಾಕು. ಸಂಕೇತವು ಆರಿದ ನಂತರವೂ ಕುಳಿತಿರುವಷ್ಟು ಹೊತ್ತು ಬೆಲ್ಟನ್ನು ಹಾಕಿಕೊಂಡೇ ಇರುವುದು ಕ್ಷೇಮಕರ. ಸಂಕೇತ ಆರುವುದೆಂದರೆ ಶೌಚಾಲಯಕ್ಕೆ ಹೋಗಿಬರಲು ಅವಕಾಶ ಎಂದಷ್ಟೇ ಅರ್ಥ.

ಶೌಚಾಲಯದಲ್ಲಿರುವಾಗ ಕುಲುಕಾಟ ಜೋರಾದರೆ ಅಲ್ಲಿಯೇ ಕುಳಿತು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಡುದಾರಿಯಲ್ಲಿ ಇರುವವರು ತಮ್ಮ ಆಸನವನ್ನೇ ತಲುಪಬೇಕೆಂದು ಓಡದೆ ಹತ್ತಿರದ ಖಾಲಿ ಆಸನದಲ್ಲಿ ಕೂರಬೇಕು. ಅದೂ ಸಿಗದಿದ್ದಲ್ಲಿ ನೆಲದ ಮೇಲೆ ಕುಳಿತು ಆಸನದ ತೋಳನ್ನು ಹಿಡಿದುಕೊಳ್ಳಬೇಕು.

ಇನ್ನೊಂದು ರೂಢಿಯ ಬಗ್ಗೆಯೂ ಹೇಳಬೇಕಾಗಿದೆ. ವಿಮಾನದ ಚಕ್ರ ನೆಲಕ್ಕೆ ತಾಗಿದೊಡನೆ ಬೆಲ್ಟ್ ಬಿಚ್ಚಿ, ಮೇಲೆದ್ದು, ಚೀಲಕ್ಕೆ ಕೈಹಾಕುವುದನ್ನು ನಮ್ಮ ದೇಶದ ಬಹುತೇಕ ವಿಮಾನಗಳಲ್ಲಿ ಕಾಣಬಹುದು. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬರುವ ಅಭ್ಯಾಸದ ಮುಂದುವರಿಕೆ ಇದು. ಓಡುದಾರಿಯಿಂದ ನಿಲುಗಡೆಯ ಜಾಗಕ್ಕೆ ಸಾಗುವಾಗಲೂ ವಿಮಾನ ಹಠಾತ್ತನೆ ಬ್ರೇಕ್ ಹಾಕಬೇಕಾಗಿ ಬರಬಹುದು. ಮೊದಲು ಎದ್ದವರು ಬೇಗ ಹೊರಗೆ ಹೋಗುವುದೂ ಇಲ್ಲ.

ಮಕ್ಕಳು, ಗರ್ಭಿಣಿಯರು ಮತ್ತು ವಯೋವೃದ್ಧರು

ಎರಡು ವರ್ಷ ತುಂಬಿದ ಮಕ್ಕಳಿಗೆ ಪ್ರತ್ಯೇಕ ಆಸನವನ್ನು ಪಡೆಯಬೇಕು ಹಾಗೂ ಪ್ರತ್ಯೇಕ ಬೆಲ್ಟನ್ನು ಹಾಕಬೇಕು. ಅದಕ್ಕಿಂತ ಚಿಕ್ಕ ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳುವವರಿಗೆ ಸಿಬ್ಬಂದಿಯು ಕೂಸಿನ ಬೆಲ್ಟನ್ನು ನೀಡುತ್ತಾರೆ. ಅದು ದೊಡ್ಡವರ ಬೆಲ್ಟಿಗೆ ಸೇರಿಕೊಳ್ಳುವ ಚಿಕ್ಕ ಪಟ್ಟಿ. ದೊಡ್ಡವರ ಬೆಲ್ಟನ್ನೇ ಇಬ್ಬರನ್ನೂ ಸುತ್ತಿ ಕಟ್ಟಿದರೆ ಕುಲುಕಾಟದಲ್ಲಿ ತಾಯಿಯ ಪೂರ್ತಿ ಭಾರ ಮಗುವಿನ ಮೇಲೆ ಬೀಳುತ್ತದೆ. ಆದ್ದರಿಂದ ಹಾಗೆ ಕಟ್ಟಕೂಡದು. ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದೇನೆ ಎಂಬ ನಂಬಿಕೆಯೂ ಸಾಲದು. 10 ಕಿಲೋ ತೂಕದ ಮಗು ಮೇಲೆ ವಿವರಿಸಿದ ಕುಸಿತದಲ್ಲಿ 15 ಕಿಲೋ ಬಲದಿಂದ ಕೈ ಬಿಡಿಸಿಕೊಂಡು ಮೇಲೆ ಹೋಗುತ್ತದೆ. ಮಗುವಿಗೆ ಪ್ರತ್ಯೇಕ ಟಿಕೆಟ್ ಪಡೆದು ವಿಮಾನಕ್ಕೆ ಅನುಮೋದಿತವಾದ ಮಗುವಿನ ಆಸನದಲ್ಲಿ ಕೂರಿಸುವುದು ಎಲ್ಲಕ್ಕಿಂತ ಸುರಕ್ಷಿತ. ಖರ್ಚಿನ ಕಾರಣದಿಂದ ಇದು ಎಲ್ಲರಿಗೂ ಸಾಧ್ಯವಾಗದು. ಸಾಧ್ಯವಿರುವವರು ಮುಂಗಡವಾಗಿ ವಿಮಾನ ಸಂಸ್ಥೆಯಲ್ಲಿ ವಿಚಾರಿಸಬೇಕು.

ಗರ್ಭಿಣಿಯರು ಬೆಲ್ಟನ್ನು ಹೊಟ್ಟೆಯ ಕೆಳಗೆ, ತೊಡೆಯ ಮೇಲ್ಭಾಗಕ್ಕೆ ತಾಗುವಂತೆ ಧರಿಸಬೇಕು. ಮೂಳೆಗಳು ದುರ್ಬಲವಾಗಿರುವ ಹಿರಿಯರಿಗೆ ಚಿಕ್ಕ ಬೀಳುವಿಕೆಯೂ ಮುರಿತಕ್ಕೆ ದಾರಿಯಾಗಬಹುದಾದ್ದರಿಂದ ಅವರು ಊಟದ ಗಾಡಿ ಬರುವ ಮೊದಲೇ ಶೌಚಾಲಯಕ್ಕೆ ಹೋಗಿಬರುವುದು ಮತ್ತು ನಡುದಾರಿಗೆ ಹತ್ತಿರದ ಆಸನವನ್ನು ಆಯ್ದುಕೊಳ್ಳುವುದು ಅನುಕೂಲ. ಕುಲುಕಾಟಕ್ಕೆ ಹೆದರುವವರಿಗೆ ರೆಕ್ಕೆಯ ಸಮೀಪದ ಆಸನಗಳು ಹಿತಕರ. ಹಿಂಭಾಗದಲ್ಲಿ ಅದುರುವಿಕೆ ಹೆಚ್ಚು ಅನುಭವಕ್ಕೆ ಬರುತ್ತದೆ.

ಕೈಸಾಮಾನು ಮತ್ತು ಬಿಸಿ ಪಾನೀಯ

ಚನ್ನಪಟ್ಟಣದ ಮರದ ಬೊಂಬೆ, ಹಿತ್ತಾಳೆಯ ದೀಪ, ತುಪ್ಪದ ಡಬ್ಬಿಯಂತಹ ಭಾರದ ವಸ್ತುಗಳನ್ನು ಬಂಧುಗಳಿಗೆಂದು ಕೈಚೀಲದಲ್ಲಿ ಒಯ್ಯುವುದು ಸಾಮಾನ್ಯ. ತಲೆಯ ಮೇಲಿನ ಪೆಟ್ಟಿಗೆಯ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅವು ಕುಲುಕಾಟದಲ್ಲಿ ಯಾರದೋ ತಲೆಯ ಮೇಲೆ ಬೀಳುತ್ತವೆ. ಭಾರದ ವಸ್ತುಗಳನ್ನು ಚೆಕ್-ಇನ್ ಸಾಮಾನಿಗೆ ಹಾಕುವುದು ಅಥವಾ ಮುಂದಿನ ಆಸನದ ಕೆಳಗೆ ಇಡುವುದು ಉತ್ತಮ. ಕಾಫಿ, ಚಹಾ ಸುಟ್ಟ ಗಾಯಗಳೂ ಕುಲುಕಾಟದ ಸಂದರ್ಭದಲ್ಲಿ ಆಗುತ್ತವೆ. 2024ರ ಘಟನೆಯ ನಂತರ ಸಿಂಗಪುರ್ ಏರ್‌ಲೈನ್ಸ್ ಸಂಸ್ಥೆಯು ಬೆಲ್ಟ್ ಸಂಕೇತ ಬೆಳಗುತ್ತಿರುವಾಗ ಬಿಸಿ ಪಾನೀಯ ನೀಡುವುದನ್ನು ನಿಲ್ಲಿಸಿತು. ಕುಲುಕಾಟದ ನಡುವೆ ಕಾಫಿ ಕೊಡಲು ಸಿಬ್ಬಂದಿ ನಿರಾಕರಿಸಿದಲ್ಲಿ ಅದನ್ನು ಸೇವಾಲೋಪವೆಂದು ಭಾವಿಸಬಾರದು.

ಸಿಬ್ಬಂದಿಯ ಸೂಚನೆಗಳ ಪಾಲನೆ

ವಿಮಾನದಲ್ಲಿರುವ ಎಲ್ಲರೂ ಮುಖ್ಯ ಪೈಲಟ್ ಮತ್ತು ಅವರ ಪರವಾಗಿ ಪರಿಚಾರಕರು ನೀಡುವ ಸುರಕ್ಷತಾ ಸೂಚನೆಗಳನ್ನು ಪಾಲಿಸಲು ಬದ್ಧರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2017ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಅಶಿಸ್ತಿನ ವರ್ತನೆಯನ್ನು ಮೂರು ಹಂತಗಳಾಗಿ ವರ್ಗೀಕರಿಸಿ, ಮೊದಲ ಹಂತಕ್ಕೆ 3 ತಿಂಗಳವರೆಗೆ, ಎರಡನೆಯದಕ್ಕೆ 6 ತಿಂಗಳವರೆಗೆ ಮತ್ತು ಮೂರನೆಯದಕ್ಕೆ ಕನಿಷ್ಠ 2 ವರ್ಷ ವಿಮಾನ ಪ್ರಯಾಣ ನಿಷೇಧವನ್ನು ಗೊತ್ತುಪಡಿಸಲಾಯಿತು.

ಗಾಯವಾದಲ್ಲಿ ಅನುಸರಿಸಬೇಕಾದ ಕ್ರಮ

ಕುಲುಕಾಟದಲ್ಲಿ ಪೆಟ್ಟು ಬಿದ್ದವರು ವಿಮಾನದಿಂದ ಇಳಿಯುವ ಮುನ್ನವೇ ಸಿಬ್ಬಂದಿಗೆ ತಿಳಿಸಿ ದಾಖಲು ಮಾಡಿಸಬೇಕು. ಸಣ್ಣ ನೋವು ಎಂದು ಸುಮ್ಮನಾಗಿ ಮನೆಗೆ ಬಂದ ಮೇಲೆ ಕುತ್ತಿಗೆ ಅಥವಾ ಬೆನ್ನಿನ ನೋವು ಉಲ್ಬಣಿಸಿದಲ್ಲಿ, ಅದು ವಿಮಾನದಲ್ಲಿಯೇ ಆದದ್ದೆಂದು ತೋರಿಸುವುದು ಕಷ್ಟವಾಗುತ್ತದೆ. ನಿಲ್ದಾಣದ ವೈದ್ಯಕೀಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿ ಅಲ್ಲಿನ ಚೀಟಿಯನ್ನು ಪಡೆಯಬೇಕು. ಬೋರ್ಡಿಂಗ್ ಪಾಸ್, ಟಿಕೆಟಿನ ಪ್ರತಿ, ಆಸ್ಪತ್ರೆಯ ದಾಖಲೆಗಳು ಮತ್ತು ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ದೂರನ್ನು ಮೊದಲು ವಿಮಾನ ಸಂಸ್ಥೆಗೆ ಲಿಖಿತವಾಗಿ ಸಲ್ಲಿಸಬೇಕು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಾಗಿರದಿದ್ದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ ಏರ್‌ಸೇವಾ ವ್ಯವಸ್ಥೆಯಲ್ಲಿ ದಾಖಲಿಸಬಹುದು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಆದ ಗಾಯಗಳಿಗೆ 1999ರ ಮಾಂಟ್ರಿಯಲ್ ಒಪ್ಪಂದವು ಅನ್ವಯಿಸುತ್ತದೆ. ಭಾರತವು ಈ ಒಪ್ಪಂದವನ್ನು 2009ರಲ್ಲಿ ಅಂಗೀಕರಿಸಿದೆ. ಇದರ ಅಡಿಯಲ್ಲಿ ಪರಿಹಾರದ ದಾವೆಯನ್ನು 2 ವರ್ಷಗಳೊಳಗೆ ಹೂಡಬೇಕು. ಸೇವಾಲೋಪದ ದೂರುಗಳನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ಸಲ್ಲಿಸಲು ಅವಕಾಶವಿದೆ. ಅದಕ್ಕೂ 2 ವರ್ಷಗಳ ಕಾಲಮಿತಿಯಿದೆ. ಕನಕಪುರದ ಪ್ರಯಾಣಿಕರು ವಿಮಾನ ಸಂಸ್ಥೆಯ ಪ್ರಧಾನ ಕಚೇರಿಯಿರುವ ದೆಹಲಿಗೋ ಮುಂಬಯಿಗೋ ಅಲೆಯಬೇಕಾಗಿಲ್ಲ. ಬೆಲ್ಟ್ ಸಂಕೇತ ಬೆಳಗುತ್ತಿದ್ದಾಗ ದೂರುದಾರರು ಬೆಲ್ಟ್ ಧರಿಸಿದ್ದರೇ ಎಂಬ ಪ್ರಶ್ನೆಯು ಇಂತಹ ಪ್ರಕರಣಗಳಲ್ಲಿ ಏಳುವುದು ಸಹಜ, ಪರಿಹಾರದ ಮೊತ್ತದ ಮೇಲೆಯೂ ಅದು ಪ್ರಭಾವ ಬೀರಬಹುದು.

ನಿಲ್ದಾಣದವರೆಗಿನ ರಸ್ತೆ ಪ್ರಯಾಣ

ಈ ನಾಲ್ಕು ಪಟ್ಟಣಗಳಿಂದ ವಿಮಾನ ನಿಲ್ದಾಣವು ಸರಿಸುಮಾರು 80ರಿಂದ 100 ಕಿ.ಮೀ. ದೂರದಲ್ಲಿದೆ. ಆಕಾಶದಲ್ಲಿ ತಪ್ಪದೆ ಬೆಲ್ಟ್ ಕಟ್ಟುವವರು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅದನ್ನು ಮರೆಯುವುದು ವಿಪರ್ಯಾಸ. ಅಪಾಯದ ಲೆಕ್ಕದಲ್ಲಿ ರಸ್ತೆಯೇ ಮುಂದಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ರಾಮನಗರ ಮತ್ತು ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಅಪಘಾತಗಳು ಹೆಚ್ಚಿದ ಹಿನ್ನೆಲೆಯಲ್ಲಿ ಅದರ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳನ್ನು ನಿಷೇಧಿಸಲಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳ 138(3)ನೇ ನಿಯಮದಂತೆ ಕಾರಿನ ಮುಂದಿನ ಆಸನದವರು ಮಾತ್ರವಲ್ಲದೆ ಮುಂದಕ್ಕೆ ಮುಖ ಮಾಡಿದ ಹಿಂದಿನ ಆಸನದವರೂ ಬೆಲ್ಟ್ ಧರಿಸತಕ್ಕದ್ದು. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ ಇದರ ಉಲ್ಲಂಘನೆಗೆ 1,000 ರೂಪಾಯಿ ದಂಡವನ್ನು ಗೊತ್ತುಪಡಿಸಲಾಗಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಅಪಘಾತಕ್ಕೆ ಈಡಾದ ಕಾರಿನಲ್ಲಿ ಮೃತಪಟ್ಟ ಉದ್ಯಮಿ ಸೈರಸ್ ಮಿಸ್ತ್ರಿ ಅವರು ಕುಳಿತಿದ್ದುದು ಹಿಂದಿನ ಆಸನದಲ್ಲಿ. ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು.

ಬಾಡಿಗೆ ಕಾರುಗಳಲ್ಲಿ ಹಿಂದಿನ ಬೆಲ್ಟಿನ ಬಕಲುಗಳು ಸೀಟ್ ಕವರಿನ ಅಡಿಯಲ್ಲಿ ಹುದುಗಿರುವುದು ಸಾಮಾನ್ಯವಾಗಿದೆ. ಬೆಳಗಿನ ಜಾವದ ವಿಮಾನಕ್ಕೆಂದು ಮಧ್ಯರಾತ್ರಿಯಲ್ಲಿ ಹೊರಡುವವರು ಸಾಮಾನು ತುಂಬಿಸುವ ಮೊದಲು ಚಾಲಕರಿಂದ ಅವುಗಳನ್ನು ಹೊರತೆಗೆಸಿಕೊಳ್ಳಬೇಕು.